ಏಳು ದಿನದ ಚಹಾ

ಕಳೆದ ತಿಂಗಳು ಒಂದು ಮದುವೆಗೆಂದು ಕುಂಬಳೆಯಲ್ಲಿ ಇಳಿದು ರಿಕ್ಷಾ ಹತ್ತಿದ್ದೆ. ಹೆದ್ದಾರಿ ಕೆಲಸದ ಧೂಳು, ಕೆಸರು ಬೇಡವೆಂದು ರಿಕ್ಷಾದವರು ಅನಂತಪುರದ ಕೈಗಾರಿಕಾ ಎಸ್ಟೇಟಿನ ಬದಿಯಿಂದ ತಿರುಗಿಸಿದರು. ಮಳೆ ಆಗಷ್ಟೇ ಬಿಟ್ಟಿತ್ತು. ಯಾವುದೋ ಶೆಡ್ಡಿನಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂದು, ಒದ್ದೆ ಕೆಂಪು ಮುರಕಲ್ಲಿನ ವಾಸನೆಯ ಜೊತೆ ಸೇರಿ ಮೂಗಿಗೆ ಬಡಿಯಿತು. "ಒಂದು ನಿಮಿಷ ನಿಲ್ಸಿ ಮಾರಾಯ್ರೆ" ಎಂದೆ. ನನಗೆ ವಾಂತಿ ಬರುತ್ತಿದೆ ಎಂದು ಅವರಿಗೆ ತೋರಿರಬೇಕು, ಗಡಿಬಿಡಿಯಲ್ಲಿ ಮಾರ್ಗದ ಬದಿಗೆ ಹಾಕಿ ನನ್ನ ರೇಷ್ಮೆ ಸೀರೆಯನ್ನು ಕನಿಕರದಿಂದ ನೋಡಿದರು. ನಾನು ಸುಮ್ಮನೆ ಕುಳಿತು ಮೂಗರಳಿಸಿ ವಾಸನೆ ಎಳೆದುಕೊಂಡೆ.

ಆ ಎಸ್ಟೇಟಿನಲ್ಲಿ ನಾನು ಒಂದು ಮಳೆಗಾಲ ಕೆಲಸ ಮಾಡಿದ್ದೇನೆ. ಕೆಲಸ ಎಂಥದ್ದು ಎಂದು ಹೇಳಹೋಗಿ ನಗೆಪಾಟಲಾದದ್ದೂ ಉಂಟು. ಹಲ್ಲಿಗೆ ಕಂಬಿ ಹಾಕಿಸಿಕೊಂಡವರನ್ನು ನೀವು ನೋಡಿರುತ್ತೀರಿ. ಒಂದೊಂದು ಹಲ್ಲಿಗೂ ಒಂದು ಪುಟ್ಟ ಗುಂಡಿಯಂಥದ್ದನ್ನು ಅಂಟಿಸಿ, ಅವುಗಳ ಮೇಲೆ ತಂತಿ ಹಾಯಿಸಿ, ತಂತಿ ಜಾರದ ಹಾಗೆ ಪ್ರತಿಯೊಂದಕ್ಕೂ ಕೊತ್ತಂಬರಿ ಕಾಳಿಗಿಂತ ಸಣ್ಣ ರಬ್ಬರ್ ರಿಂಗ್ ತೊಡಿಸುತ್ತಾರೆ. ಎದ್ದು ಕಾಣಬಾರದೆಂದು ಈಗಿನವರು ಗಾಜಿನಂಥ ಬಣ್ಣವಿಲ್ಲದ ರಿಂಗನ್ನೇ ಕೇಳುತ್ತಾರೆ. ಅದರ ಮೇಲೆ ನಾಲ್ಕು ದಿನ ಚಹಾ, ಮೀನು ಸಾರು ಬಿದ್ದರೆ ಮುಗಿಯಿತು, ಹಲ್ಲು ತುಂಬ ಹಳದಿ ಚುಕ್ಕಿ. ಯಾವ ರಿಂಗ್ ಎಷ್ಟು ಕಲೆ ಹಿಡಿಯುತ್ತದೆ ಎಂದು ಅಳೆದು ಹೇಳುವುದು ನನ್ನ ಕೆಲಸ. ರಿಂಗುಗಳನ್ನು ಏಳು ದಿನ ಚಹಾದಲ್ಲಿ ಮುಳುಗಿಸಿಡುವುದು, ದಿನಾ ಹೊಸ ಚಹಾ ಬದಲಿಸುವುದು, ಕೊನೆಗೆ ತೊಳೆದು ಒಣಗಿಸಿ ಬಣ್ಣ ಅಳೆಯುವ ಯಂತ್ರದ ಕೆಳಗೆ ಇಡುವುದು. ಯಂತ್ರ ಒಂದು ಸಂಖ್ಯೆ ಕೊಡುತ್ತದೆ. ಸಂಖ್ಯೆ ಸಣ್ಣದಾದರೆ ಕಲೆ ಕಡಿಮೆ, ದೊಡ್ಡದಾದರೆ ಹೆಚ್ಚು. ಇಷ್ಟೇ. "ಎಮ್ಮೆಸ್ಸಿ ಓದಿಸಿದ್ದು ರಬ್ಬರಿಗೆ ಚಹಾ ಕುಡಿಸ್ಲಿಕ್ಕಾ?" ಎಂದು ನನ್ನ ಅಮ್ಮ ಸಿಕ್ಕಸಿಕ್ಕವರ ಎದುರಿಗೆ ಕೇಳುತ್ತಿದ್ದಳು.

ನಾಯ್ಮಾರ್ಮೂಲೆಯಲ್ಲಿ ಬಾಡಿಗೆ ಕೋಣೆ. ಅಲ್ಲಿಂದ ಕಾಸರಗೋಡು, ಕಾಸರಗೋಡಿನಿಂದ ಕುಂಬಳೆ, ಕುಂಬಳೆಯಿಂದ ಎಸ್ಟೇಟು. ಮೂರು ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಕೊಡೆ ಮೂರು ಸಲ ಉಲ್ಟಾ ಆಗುತ್ತಿತ್ತು. ಒಂದು ದಂತ ಕಾಲೇಜಿನವರು, ತಮ್ಮ ಕಟ್ಟಡದಲ್ಲಿ ಯಂತ್ರಗಳಿಗೆ ಜಾಗ ಸಾಲದೆಂದು, ಎಸ್ಟೇಟಿನ ಒಂದು ಶೆಡ್ಡಿನಲ್ಲಿ ಪರೀಕ್ಷಾ ಕೊಠಡಿ ಮಾಡಿದ್ದರು. ಅಲ್ಲಿ ಇದ್ದದ್ದು ನಾವಿಬ್ಬರೇ. ನಾನು, ಮತ್ತು ಎಲ್ಲ ಕೆಲಸಕ್ಕೂ ಕೈ ಜೋಡಿಸುವ ಆಯಿಷತ್ತ. ಐವತ್ತು ದಾಟಿದ ಹೆಂಗಸು, ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಗಾಜಿನ ಸಾಮಾನು ತೊಳೆಯುವುದು, ಬಾಟಲಿಗೆ ಚೀಟಿ ಅಂಟಿಸುವುದು, ಮೂಲೆಯ ಒಲೆಯಲ್ಲಿ ಪರೀಕ್ಷೆಗೆ ಬೇಕಾದ ಚಹಾ ಮಾಡುವುದು ಎಲ್ಲ ಅವರದ್ದೇ. ನಮ್ಮ ಮೇಲಿನವರು ರಘುರಾಮ ಸರ್, ಹಲ್ಲಿನ ಡಾಕ್ಟರು, ವಾರಕ್ಕೊಮ್ಮೆ ಬಂದು ನೋಡಿ ಹೋಗುವವರು.

ಆ ವರ್ಷ ನಾಲ್ಕು ಕಾಲೇಜಿನವರು ಸೇರಿ ಒಂದು ತೀರ್ಮಾನ ಮಾಡಿದ್ದರು. ಅಲ್ಲಿಯವರೆಗೆ ಪ್ರತಿಯೊಬ್ಬರೂ ಅವರವರ ಮನಸ್ಸಿಗೆ ಬಂದ ಹಾಗೆ ಪರೀಕ್ಷೆ ಮಾಡುತ್ತಿದ್ದರು. ಒಬ್ಬರು ಒಳ್ಳೆಯದೆಂದ ರಿಂಗನ್ನು ಇನ್ನೊಬ್ಬರು ಕಸ ಎನ್ನುತ್ತಿದ್ದರು. ಇನ್ನು ಮುಂದೆ ನಾಲ್ಕು ಕಡೆಯೂ ಒಂದೇ ಕ್ರಮ, ಒಂದೇ ರಿಂಗು. ಸಂಖ್ಯೆಗಳು ಒಂದಕ್ಕೊಂದು ಹೊಂದಿದರೆ ಮಾತ್ರ ನಂಬುವುದು. ಪಾಸಾದ ರಿಂಗುಗಳ ಪಟ್ಟಿ ಮಾಡಿ, ನಾಲ್ಕು ಕಾಲೇಜಿನಲ್ಲೂ ಅದನ್ನೇ ಬಳಸುವುದು. ಪರೀಕ್ಷೆಯ ಕ್ರಮವನ್ನು ಒಂದು ಹಾಳೆಯಲ್ಲಿ ಕಳಿಸಿದ್ದರು. ಚಹಾದ ಬಗ್ಗೆ ಅದರಲ್ಲಿ ಇದ್ದದ್ದು ಒಂದೇ ಸಾಲು: ಹಾಲು, ಸಕ್ಕರೆ ಇಲ್ಲದ ಚಹಾ, ಮೈಯ ಬಿಸಿಯಲ್ಲಿ, ಏಳು ದಿನ.

ಆ ಪಟ್ಟಿಗಾಗಿ ಕಾದು ಕುಳಿತವರು ನಮ್ಮಿಂದ ಮೂರು ಶೆಡ್ಡು ಆಚೆಯ ಪ್ರಮೀಳಕ್ಕ. ಶಾರ್ಜಾದ ಒಂದು ರಬ್ಬರ್ ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ನೋಡುವ ಕೆಲಸ ಮಾಡಿ, ಊರಿಗೆ ಬಂದು ಕುಕ್ಕರಿನ ರಬ್ಬರು, ಮಿಕ್ಸಿಯ ವಾಷರು ಮಾಡುತ್ತಿದ್ದವರು. ಈ ಹಲ್ಲಿನ ರಿಂಗು ಅವರ ತಲೆಗೆ ಹೊಕ್ಕದ್ದು ಹೇಗೋ, ಹೊಕ್ಕ ಮೇಲೆ ಹೊರಗೆ ಹೋಗಲಿಲ್ಲ. ಅಚ್ಚನ್ನು ಎಷ್ಟು ಸಲ ಒಡೆದು ಮಾಡಿದ್ದರೆಂದು ಅವರಿಗೇ ಲೆಕ್ಕವಿಲ್ಲ. "ಎಲ್ಲಾ ಹೊರಗಿಂದ ಬರುವುದು ಮಾರಾಯ್ತಿ. ಇಷ್ಟು ಸಣ್ಣ ರಬ್ಬರ್ ನಮ್ಮ ಕೈಯಲ್ಲಿ ಆಗುದಿಲ್ವಾ?" ಎನ್ನುತ್ತಿದ್ದರು. ಮನೆಯಲ್ಲಿ ತುಳು, ನನ್ನೊಡನೆ ಕನ್ನಡ, ಯಂತ್ರ ಕೆಟ್ಟಾಗ ಮಲಯಾಳಂ. ನಾಲ್ಕು ಕಾಲೇಜಿನ ಪಟ್ಟಿಯಲ್ಲಿ ಹೆಸರು ಬಂದರೆ ರಿಂಗು ಉಳಿಯುತ್ತದೆ, ಇಲ್ಲವಾದರೆ ಪುನಃ ಕುಕ್ಕರಿನ ರಬ್ಬರಿಗೇ ತಿರುಗುವುದು ಎಂದು ಅವರು ನಿರ್ಧರಿಸಿಬಿಟ್ಟಿದ್ದರು.

ಅವರ ರಿಂಗಿನ ಮೊದಲ ಪರೀಕ್ಷೆ ನಾನೇ ಮಾಡಿದ್ದು. ಏಳನೆಯ ದಿನ ಯಂತ್ರ ಕೊಟ್ಟ ಸಂಖ್ಯೆ ನೋಡಿ ನನಗೆ ಕಣ್ಣು ತಿಕ್ಕಿಕೊಳ್ಳುವ ಹಾಗಾಯಿತು. ಅಷ್ಟು ಸಣ್ಣದು! ಹೊರಗಿಂದ ಬರುವ ರಿಂಗುಗಳ ಬಗ್ಗೆ ನಾನು ಓದಿದ್ದ ಯಾವ ಫಲಿತಾಂಶವೂ ಇದರ ಹತ್ತಿರ ಸುಳಿಯುತ್ತಿರಲಿಲ್ಲ. ವರದಿ ಬರೆದು, ಸಹಿ ಹಾಕಿ, ಸುರಿವ ಮಳೆಯಲ್ಲಿ ಕೊಡೆ ಹಿಡಿಯುವುದನ್ನೂ ಮರೆತು ಮೂರು ಶೆಡ್ಡು ದಾಟಿ ಓಡಿದೆ. ಪ್ರಮೀಳಕ್ಕ ನನ್ನನ್ನು ತಬ್ಬಿಕೊಂಡೇಬಿಟ್ಟರು. ಮರುದಿನಕ್ಕೆ ವರದಿ ಲ್ಯಾಮಿನೇಟ್ ಆಗಿ ಅವರ ಗೋಡೆಯಲ್ಲಿತ್ತು. ಆ ವಾರವೇ ಡಬ್ಬಿಯ ಚೀಟಿಯ ಮೇಲೆ 'ಕಲೆ ಹಿಡಿಯದು' ಎಂದು ಮೂರು ಭಾಷೆಯಲ್ಲಿ ಅಚ್ಚು ಹಾಕಿಸಿದರು.

ಹತ್ತು ದಿನ ಕಳೆದು ಉಳಿದ ಮೂರು ಕಾಲೇಜಿನ ಸಂಖ್ಯೆಗಳು ಬಂದವು. ಮೂರರದ್ದೂ ನಮ್ಮದಕ್ಕಿಂತ ಎಷ್ಟೋ ದೊಡ್ಡದು. ಒಂದು ಕಡೆಯದಂತೂ ಮೂರು ಪಟ್ಟು. ಅವೂ ಒಂದಕ್ಕೊಂದು ಹೊಂದುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಆದರೆ ನಮ್ಮದು ಪೂರ್ತಿ ಬೇರೆಯೇ ದಿಕ್ಕಿಗೆ ಮುಖ ಮಾಡಿ ನಿಂತಿತ್ತು.

ರಘುರಾಮ ಸರ್ ಆ ಹಾಳೆ ಹಿಡಿದುಕೊಂಡೇ ಬಂದರು. "ಸುಮತಿ, ನಿಮ್ಮ ಕೈಯಲ್ಲಿ ಎಂತದೋ ತಪ್ಪಾಗಿದೆ. ನಮ್ಮ ಸಂಖ್ಯೆ ತೆಗೆದುಬಿಡುವ, ಉಳಿದ ಮೂರನ್ನು ಇಟ್ಟುಕೊಳ್ಳಲಿ" ಎಂದರು.

"ಮೂರನ್ನು ಇಟ್ಟುಕೊಂಡರೆ ಪ್ರಮೀಳಕ್ಕನ ರಿಂಗ್ ಪಟ್ಟಿಯಿಂದ ಹೊರಗೆ ಸರ್."

"ಅದಕ್ಕೆ ನಾನೆಂತ ಮಾಡ್ಲಿ?"

ನನಗೆ ಮೈ ಉರಿಯಿತು. ಪ್ರಮೀಳಕ್ಕನ ಮೇಲಿನ ಪ್ರೀತಿಯಿಂದ ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ನನ್ನ ಕೈ ಸರಿ ಇಲ್ಲ ಎಂದದ್ದಕ್ಕೇ ಉರಿದದ್ದು. "ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗದೆ ತೆಗೆಯುವುದು ಹೇಗೆ ಸರ್? ಎರಡು ವಾರ ಕೊಡಿ" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, ಒಂದು ನಿಟ್ಟುಸಿರು ಬಿಟ್ಟು, ಕೊಟ್ಟರು.

ಆ ಎರಡು ವಾರ ನನಗೆ ಬೇರೇನೂ ಕಾಣಲಿಲ್ಲ. ಮೊದಲು ಯಂತ್ರದ ಮೇಲೆ ಸಂಶಯ. ಬಣ್ಣ ಗೊತ್ತಿರುವ ಬಿಳಿ ಬಿಲ್ಲೆಯನ್ನು ಇಟ್ಟು ನೋಡಿದೆ, ಸರಿಯಾಗಿಯೇ ಹೇಳಿತು. ಆಮೇಲೆ ಕರೆಂಟು. ಆ ಮಳೆಗಾಲದಲ್ಲಿ ಕರೆಂಟು ಇರುವುದೇ ವಿಶೇಷ. ಬಾಟಲಿಗಳನ್ನು ಮೈಯ ಬಿಸಿಯಲ್ಲಿ ಇಡುವ ಪೆಟ್ಟಿಗೆ ತಣ್ಣಗಾಗಿ ಕಲೆ ಕಡಿಮೆ ಹಿಡಿಯಿತೋ ಎಂದು, ಪ್ರಮೀಳಕ್ಕನ ಜನರೇಟರಿನಿಂದ ವಯರು ಎಳೆಸಿ ಪುನಃ ಏಳು ದಿನ ಇಟ್ಟೆ. ಸಂಖ್ಯೆ ಮೊದಲಿನಷ್ಟೇ. ಇನ್ನು ಉಳಿದದ್ದು ಚಹಾ. ಚಹಾದಲ್ಲಿ ಎಂತ ಉಂಟು, ಎಲ್ಲರೂ ಮಾಡುವುದೇ ಅಲ್ಲವಾ ಎಂದು ಅದುವರೆಗೆ ಆ ಕಡೆ ತಲೆಯೇ ಹಾಕಿರಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಮೂರು ಕಾಲೇಜಿನ ಪರೀಕ್ಷಾ ಕೊಠಡಿಗಳಿಗೂ ಫೋನು ಹಚ್ಚಿ, "ನೀವು ಚಹಾ ಹೇಗೆ ಮಾಡ್ತೀರಿ?" ಎಂದು ಕೇಳಿದೆ.

ಒಬ್ಬರು ನಕ್ಕರು. ಒಬ್ಬರು, "ಎಂತ, ಅಡುಗೆ ಕಾರ್ಯಕ್ರಮವಾ?" ಎಂದರು. ಆದರೆ ಉತ್ತರ ಕೇಳುತ್ತಾ ಹೋದ ಹಾಗೆ ನನ್ನ ಕಿವಿ ನೆಟ್ಟಗಾಯಿತು. ಒಂದು ಕಡೆ ಬಿಸಿನೀರಿಗೆ ಚಹಾ ಚೀಲ ಅದ್ದಿ ತೆಗೆಯುತ್ತಿದ್ದರು. ಇನ್ನೊಂದು ಕಡೆ ಚಹಾಪುಡಿಯನ್ನು ನೀರಿನ ಜೊತೆಗೇ ಹಾಕಿ, ಕಷಾಯದ ಹಾಗೆ ಕಪ್ಪಾಗುವಷ್ಟು ಕುದಿಸುತ್ತಿದ್ದರು. ಮೂರನೆಯವರದ್ದು ನೀರಿಗೆ ಕಲಸುವ ಹುಡಿ. ಹಾಳೆಯಲ್ಲಿದ್ದ ಆ ಒಂದು ಸಾಲಿಗೆ ಮೂವರೂ ಬದ್ಧರೇ. ಯಾರದ್ದರಲ್ಲೂ ಹಾಲಿಲ್ಲ, ಸಕ್ಕರೆಯಿಲ್ಲ, ಎಲ್ಲವೂ ಏಳು ದಿನ. ಒಂದೇ ಕ್ರಮ ಎಂದು ನಾಲ್ಕು ಕಾಲೇಜಿನವರು ಸಹಿ ಹಾಕಿ, ನಾಲ್ಕು ಚಹಾ ಮಾಡಿಕೊಂಡು ಕುಳಿತಿದ್ದೆವು.

ಹಾಗಾದರೆ ನಮ್ಮದು ಹೇಗೆ? ಆಗ ಹೊಳೆಯಿತು, ನನಗೇ ಗೊತ್ತಿಲ್ಲ. ನಾನು ಕಾಫಿಯವಳು. ಆಯಿಷತ್ತ ಚಹಾ ಮಾಡಿ, ಸೋಸಿ, ಬೆಳಕು ತಾಗದ ಕಂದು ಬಾಟಲಿಗಳಿಗೆ ಹೊಯ್ದು ತಂದಿಡುತ್ತಿದ್ದರು. ನಾನು ಚಿಮಟದಲ್ಲಿ ರಿಂಗು ಹಾಕಿ ಮುಚ್ಚಳ ಮುಚ್ಚುತ್ತಿದ್ದೆ. ಒಂದು ದಿನವಾದರೂ ಒಲೆಯ ಹತ್ತಿರ ಹೋಗಿ ನೋಡಿದವಳಲ್ಲ.

ಮರುದಿನ ಬೆಳಿಗ್ಗೆ ಒಲೆಯ ಬದಿಯಲ್ಲಿ ಹೋಗಿ ನಿಂತೆ. "ಇವತ್ತು ನಾನೂ ಒಂದು ಮಾಡ್ತೇನೆ, ನೀವೂ ಒಂದು ಮಾಡಿ. ಅದೇ ಪುಡಿ, ಅದೇ ನೀರು" ಎಂದೆ. ಆಯಿಷತ್ತನಿಗೆ ಇದೇನೋ ಸ್ಪರ್ಧೆ ಎಂದು ಭಾರೀ ಉತ್ಸಾಹ. ಎರಡನ್ನೂ ಗಾಜಿನ ಲೋಟಕ್ಕೆ ಹೊಯ್ದು ಕಿಟಕಿಯ ಹತ್ತಿರ ಇಟ್ಟೆವು. ನನ್ನದು ಕಪ್ಪು ಕೆಂಪು, ಮೇಲೆ ತೆಳ್ಳಗೆ ಮಂಕು ಪೊರೆ. ಅವರದ್ದು ಜೇನಿನ ಬಣ್ಣ, ಆಚೆ ಬದಿಯ ಕಿಟಕಿಯ ಸರಳು ಎಣಿಸಬಹುದು ಅಷ್ಟು ತಿಳಿ.

"ಇದಕ್ಕೆ ಎಂತ ಹಾಕಿದ್ರಿ?"

"ಎಂತದೂ ಇಲ್ಲ ಮೋಳೇ. ನಾಲ್ಕು ಹನಿ ಲಿಂಬೆ."

"ಲಿಂಬೆಯಾ! ದಿನಾ ಹಾಕ್ತೀರಾ?"

"ಮತ್ತೆ? ಹಾಲಿಲ್ಲದ ಕಟ್ಟನ್ ಚಾಯವನ್ನು ಲಿಂಬೆ ಹಿಂಡದೆ ಯಾರಿಗಾದ್ರೂ ಕೊಡ್ತಾರಾ? ಮೇಲೆ ಪೊರೆ ಕಟ್ತದೆ, ನೋಡ್ಲಿಕ್ಕೇ ಆಗುದಿಲ್ಲ. ದೊಡ್ಡ ದೊಡ್ಡ ಡಾಕ್ಟರುಗಳು ನೋಡುವ ಚಾಯ ಅಲ್ವಾ?"

"ಆಯಿಷತ್ತಾ, ಅದು ರಬ್ಬರಿಗೆ!"

"ರಬ್ಬರಿಗೆ ಆದ್ರೆ ಎಂತ? ಮಾಡಿ ಕೊಡುದು ನನ್ನ ಕೈ ಅಲ್ವಾ?"

ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಲಿಂಬೆಯ ಹುಳಿಗೆ ಚಹಾದ ಬಣ್ಣ ತಿಳಿಯಾಗುತ್ತದೆ. ಬಣ್ಣ ಕಳೆದುಕೊಂಡ ಚಹಾದಲ್ಲಿ ರಿಂಗಿಗೆ ಕಲೆ ಹಿಡಿಯುವುದಾದರೂ ಎಲ್ಲಿಂದ? ನಕ್ಕು ಮುಗಿದ ಮೇಲೆ ಆಯಿಷತ್ತನ ಮುಖ ನೋಡಿದೆ. ಅದು ಸಣ್ಣಗಾಗಿತ್ತು. "ಪಡಚ್ಚೋನೇ, ದೇವರೇ, ನನ್ನಿಂದ ಹಾಳಾಯ್ತಾ? ನೀವು ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ" ಎಂದರು. ಕೇಳಿರಲಿಲ್ಲ, ನಿಜ. ಹಾಲು ಬೇಡ, ಸಕ್ಕರೆ ಬೇಡ ಎಂದಷ್ಟೇ ನಾನು ಹೇಳಿದ್ದು. ಎರಡನ್ನೂ ಅವರು ಹಾಕಿರಲಿಲ್ಲ.

ರಘುರಾಮ ಸರ್ ಇದನ್ನು ಕೇಳಿ ಹಣೆ ಚಚ್ಚಿಕೊಂಡರು. "ಲಿಂಬೆಯ ವಿಷಯ ಬರೆಯಬೇಡಿ. ಸಹಾಯಕರ ತಪ್ಪು ಅಂತ ಬರೆದು ಮುಗಿಸಿ" ಎಂದರು. ನಾನು ಹಟ ಹಿಡಿದೆ. ತಪ್ಪು ಹಾಳೆಯ ಆ ಒಂದು ಸಾಲಿನದ್ದು, ಹಾಗೆ ಬರೆದರೆ ಯಾವ ಊರಿನಲ್ಲಾದರೂ ಅವರವರ ಮನೆಯ ಚಹಾವೇ ಬಾಟಲಿಗೆ ಹೋಗುವುದು ಎಂದು ವಾದಿಸಿದೆ. ಲಿಂಬೆಯಿಂದ ಹಿಡಿದು ಚಹಾ ಚೀಲದವರೆಗೆ ಎಲ್ಲವನ್ನೂ ಬರೆದು ನಾಲ್ಕು ಕಡೆಗೂ ಕಳಿಸಿದೆ. ಸರ್ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಅವರೇ, "ಹೊಸ ಕ್ರಮ ನೀವೇ ಬರೀರಿ" ಎಂದರು.

ಒಂದು ಚಹಾ ಮಾಡುವುದನ್ನು ಕಾಗದದ ಮೇಲೆ ಬರೆಯುವುದು ಎಷ್ಟು ಕಷ್ಟ ಎಂದು ನನಗೆ ಆಗ ಗೊತ್ತಾಯಿತು. ಪುಡಿ ತೂಕ ಮಾಡಿ ಎಂದು ಬರೆದರೆ ಯಾವ ಪುಡಿ ಎಂದು ಪ್ರಶ್ನೆ ಬಂತು. ಎಲ್ಲರಿಗೂ ಅವರವರ ಮನೆಯದ್ದೇ ಆಗಬೇಕು. ಒಂದು ವಾರದ ಜಗಳದ ನಂತರ ಒಂದೇ ಚೀಲದ ಪುಡಿಯನ್ನು ನಾಲ್ಕು ಡಬ್ಬಿ ಮಾಡಿ ಹಂಚಿಕೊಂಡೆವು. ಬಾವಿನೀರು ಬೇಡ, ಬಟ್ಟಿ ಇಳಿಸಿದ ನೀರು. ಕುದಿ ಬಂದ ಮೇಲೆ ಪುಡಿ. ಇಷ್ಟೇ ನಿಮಿಷ, ಗಡಿಯಾರ ನೋಡಿಕೊಂಡು. ನಾನು ಬರೆದು ಮುಗಿಸಿ, ಹೆಮ್ಮೆಯಿಂದ ಆಯಿಷತ್ತನಿಗೆ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಮುಚ್ಚಳ?" ಎಂದರು.

"ಎಂತ ಮುಚ್ಚಳ?"

"ಪಾತ್ರಕ್ಕೆ ಮುಚ್ಚಳ ಹಾಕಿ ಕುದಿಸುದಾ, ಹಾಕದೆಯಾ? ಹಾಕದಿದ್ರೆ ನೀರು ಆರಿ ಚಾಯ ದಪ್ಪ ಆಗ್ತದೆ. ಮತ್ತೆ, ಸೋಸುವಾಗ ಪುಡಿ ಹಿಂಡುದಾ ಬೇಡವಾ? ಹಿಂಡಿದ್ರೆ ಬಣ್ಣ ಬೇರೆ."

ನಾಲ್ಕು ಕಾಲೇಜಿನ ಯಾರ ತಲೆಗೂ ಇದು ಹೋಗಿರಲಿಲ್ಲ. ಎರಡನ್ನೂ ಸೇರಿಸಿದೆ. ಆ ಕ್ರಮದ ಹಾಳೆಯ ಕೆಳಗೆ, ತಯಾರಿಸಿದವರು ಎಂಬಲ್ಲಿ, ನನ್ನ ಹೆಸರಿನ ಜೊತೆ ಅವರ ಹೆಸರನ್ನೂ ಬರೆದೆ. ಸರ್ ನೋಡಿ, ಹಾಗೆಯೇ ಕಳಿಸಿದರು.

ಎರಡನೆಯ ಸುತ್ತಿನ ಸಂಖ್ಯೆಗಳು ಬಂದದ್ದು ಮಳೆ ಸ್ವಲ್ಪ ಹಿಂದೆ ಸರಿದು, ಶೆಡ್ಡಿನ ಶೀಟಿನ ಸದ್ದು ನಿಂತು, ನಮಗೆ ನಮ್ಮ ಮಾತು ಕೇಳಿಸತೊಡಗಿದ ದಿನಗಳಲ್ಲಿ. ನಾಲ್ಕನ್ನೂ ಒಂದರ ಕೆಳಗೆ ಒಂದು ಬರೆದು ನೋಡಿದೆ. ಹೆಚ್ಚುಕಡಿಮೆ ಒಂದೇ! ನಾಲ್ಕು ಊರು, ನಾಲ್ಕು ಯಂತ್ರ, ನಾಲ್ಕು ಜನರ ಕೈ, ಒಂದೇ ಉತ್ತರ. ನನಗಾದ ಸಂತೋಷವನ್ನು ಹೇಗೆ ಹೇಳಲಿ? ಆಯಿಷತ್ತನ ಎರಡೂ ಕೈ ಹಿಡಿದು ಒಂದು ಸುತ್ತು ತಿರುಗಿಸಿಯೇಬಿಟ್ಟೆ. ತಿರುಗಿ ನಿಂತ ಮೇಲೆ ಆ ಸಂಖ್ಯೆಯನ್ನು ಇನ್ನೊಮ್ಮೆ ನೋಡಿದೆ. ಅದು ದೊಡ್ಡದಿತ್ತು. ಪಟ್ಟಿಗೆ ಸೇರಲು ಇರಬೇಕಾದದ್ದಕ್ಕಿಂತ ಚೆನ್ನಾಗಿಯೇ ದೊಡ್ಡದಿತ್ತು. ನಾನು ಇಷ್ಟು ದಿನ ಹುಡುಕಿದ್ದು ಪ್ರಮೀಳಕ್ಕನ ರಿಂಗನ್ನು ಹೊರಗೆ ಹಾಕುವ ಉತ್ತರವನ್ನು.

ಮೂರು ಶೆಡ್ಡು ದೂರ ಆ ದಿನ ಮುಗಿಯಲೇ ಇಲ್ಲ. ಪ್ರಮೀಳಕ್ಕ ಅಚ್ಚಿನ ಹತ್ತಿರ ಕುಳಿತು, ಬೆಳಕಿಗೆ ಹಿಡಿದು ಒಂದೊಂದೇ ರಿಂಗು ನೋಡುತ್ತಿದ್ದರು. ಎಲ್ಲವನ್ನೂ ಹೇಳಿದೆ, ಲಿಂಬೆಯನ್ನೂ ಬಿಡದೆ. ಅವರು ಹಾಳೆ ತೆಗೆದುಕೊಂಡು ನಾಲ್ಕು ಸಂಖ್ಯೆಗಳ ಮೇಲೆ ಬೆರಳು ಆಡಿಸಿದರು.

"ನಾಲ್ಕು ಕಡೆಯೂ ಒಂದೇ?"

"ಹೌದು."

"ಹಾಗಾದ್ರೆ ತಪ್ಪು ನನ್ನ ರಿಂಗಿನದ್ದೇ."

ಅವರು ಎದ್ದು ಹೋಗಿ ಗೋಡೆಯಿಂದ ಆ ಲ್ಯಾಮಿನೇಟ್ ಮಾಡಿದ ವರದಿಯನ್ನು ತೆಗೆದರು. ಕೆಳಗಿದ್ದ ನನ್ನ ಸಹಿಯನ್ನು ಸ್ವಲ್ಪ ಹೊತ್ತು ನೋಡಿದರು.

"ಸುಮತಿ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಬೇರೆಯವರದ್ದು ಹೊಂದದೇ ಹೋದಾಗ ನೀವು ಎರಡು ವಾರ ಹುಡುಕಿದ್ರಿ. ಮೊದಲ ಸಲ ಇಷ್ಟು ಒಳ್ಳೇದು ಬಂದಾಗ, ಚಹಾ ಹೇಗೆ ಮಾಡಿದ್ದು ಅಂತ ಯಾಕೆ ಕೇಳ್ಲಿಲ್ಲ?"

ಹೇಳಬಹುದಾದ ನೆಪಗಳು ಬೇಕಾದಷ್ಟಿದ್ದವು. ಹಾಳೆಯಲ್ಲಿ ಬರೆದಿರಲಿಲ್ಲ, ಕೆಲಸ ತುಂಬ ಇತ್ತು, ನಾನು ಕಾಫಿಯವಳು.

"ಖುಷಿಯಾಗಿತ್ತು ಪ್ರಮೀಳಕ್ಕ. ಅದಕ್ಕೇ ಕೇಳ್ಲಿಲ್ಲ" ಎಂದೆ. ಹೇಳುವಾಗ ಅಳು ಬಂತು, ತಡೆಯಲು ಹೋಗಲಿಲ್ಲ.

"ನನಗೂ ಖುಷಿಯಾಗಿತ್ತು" ಎಂದರು ಅವರು. "ಶಾರ್ಜಾದಲ್ಲಿ ಎಷ್ಟೋ ವರ್ಷ ಇದೇ ಕೆಲಸ ಮಾಡಿದವಳು ನಾನು. ನಾನೂ ಕೇಳ್ಲಿಲ್ಲ."

'ಕಲೆ ಹಿಡಿಯದು' ಎಂದು ಅಚ್ಚಾದ ಚೀಟಿಗಳ ಸುರುಳಿಯನ್ನು ಅವರು ಆ ಸಂಜೆಯೇ ಒಲೆಗೆ ಹಾಕಿದರೆಂದು ಆಯಿಷತ್ತ ಬಂದು ಹೇಳಿದರು. ಆಮೇಲಿನ ದಿನಗಳಲ್ಲಿ ಆ ಶೆಡ್ಡಿನಿಂದ ಕುಕ್ಕರ್ ರಬ್ಬರಿನ ಕಪ್ಪು ವಾಸನೆಯೇ ಬರುತ್ತಿತ್ತು. ನಾನು ಆ ಬದಿಯಿಂದ ಹೋಗುವಾಗ ಕೊಡೆಯನ್ನು ಅಡ್ಡ ಹಿಡಿಯುತ್ತಿದ್ದೆ, ಬಿಸಿಲಿದ್ದರೂ. ಪಟ್ಟಿ ಹೊರಗೆ ಬಂತು, ಅದರಲ್ಲಿ ಅವರ ಹೆಸರಿರಲಿಲ್ಲ. ಪಟ್ಟಿಗೆ ಸೇರದವರು ಹೊಸ ಮಾಲನ್ನು ಯಾವಾಗ ಬೇಕಾದರೂ ಪರೀಕ್ಷೆಗೆ ಕೊಡಬಹುದು ಎಂದು ಕೊನೆಯಲ್ಲಿ ಒಂದು ಸಾಲು ಇತ್ತು, ಅಷ್ಟೇ. ಒಂದು ಬೆಳಿಗ್ಗೆ ಮಾತ್ರ, ಕುಂಬಳೆ ಬಸ್ಸು ಇಳಿದು ನಡೆದು ಬರುತ್ತಿದ್ದಾಗ, ರಿಂಗಿನ ಅಚ್ಚಿನ ಆ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಪುನಃ ಬಂತು. ನನ್ನ ಕಾಲು ತನ್ನಿಂದ ತಾನೇ ವೇಗವಾಯಿತು.

ನನ್ನ ಅವಧಿ ಮುಗಿಯಲು ಮೂರು ವಾರ ಇರುವಾಗ ಪ್ರಮೀಳಕ್ಕ ನಮ್ಮ ಕೊಠಡಿಗೆ ಬಂದರು. ಕೈಯಲ್ಲಿ ಒಂದು ಸಣ್ಣ ಲಕೋಟೆ. ರಬ್ಬರಿನ ಮಿಶ್ರಣವನ್ನೇ ಬದಲಿಸಿದ್ದೇನೆ, ನಿಮ್ಮ ಹಾಳೆಯ ಚಹಾವನ್ನು ಮನೆಯಲ್ಲೇ ಮಾಡಿ ಮಾಡಿ ನೋಡಿದ್ದೇನೆ ಎಂದರು. ಲಕೋಟೆಯನ್ನು ನನ್ನ ಕೈಗೆ ಕೊಟ್ಟರೂ ಬಿಡಲಿಲ್ಲ, ಒಂದು ಮೂಲೆ ಹಿಡಿದುಕೊಂಡೇ ಹೇಳಿದರು.

"ಈ ಸಲ ಕೆಟ್ಟದು ಬಂದ್ರೆ ಕೂಡ್ಲೇ ಬಂದು ಹೇಳಿ. ಒಳ್ಳೇದು ಬಂದ್ರೆ ಹೇಳ್ಬೇಡಿ. ಇನ್ನೊಮ್ಮೆ ಮಾಡಿ."

ಏಳು ದಿನ ಕಳೆಯಿತು. ತೊಳೆದು, ಒಣಗಿಸಿ, ಯಂತ್ರದ ಕೆಳಗೆ ಇಟ್ಟೆ. ಆಯಿಷತ್ತ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಒಳ್ಳೆಯದೇ ಬಂದಿತ್ತು. ಕಿಟಕಿಯಿಂದ ಮೂರನೆಯ ಶೆಡ್ಡಿನ ಬಾಗಿಲು ಕಾಣುತ್ತಿತ್ತು, ಅಲ್ಲಿ ಪ್ರಮೀಳಕ್ಕ ಕೈ ಒರೆಸಿಕೊಳ್ಳುತ್ತಾ ನಿಂತು ನಮ್ಮ ಕಡೆಗೇ ನೋಡುತ್ತಿದ್ದರು. ನಾನು ಕಿಟಕಿಯಿಂದ ಮುಖ ತಿರುಗಿಸಿ, ಆಯಿಷತ್ತನಿಗೆ ಪುನಃ ನೀರು ಅಳೆಯಲು ಹೇಳಿದೆ.